ಸೀಲಣ್ಣನ ಕಲ್ಲಂಗಡಿ ಹೂವು

ಸೀಲಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಗುರುತಿನ ಚೀಟಿ ಬಿಟ್ಟರೆ ಬೇರೆ ಯಾರೂ ಅದನ್ನು ನೆನಪಿಟ್ಟುಕೊಂಡಿರಲಿಲ್ಲ. ಇಪ್ಪತ್ತೆಂಟು ವರ್ಷ ರಬ್ಬರ್ ಸೀಲು ಕೆತ್ತಿದ ಮನುಷ್ಯನನ್ನು ಬೇರೇನಂತ ಕರೆಯುತ್ತಾರೆ? ದೊಡ್ಡ ಕಚೇರಿ ಕಟ್ಟಡದ ಮೆಟ್ಟಿಲ ಕೆಳಗೆ, ಕಾಲು ಚಾಚಿದರೆ ಗೋಡೆಗೆ ತಾಗುವಷ್ಟು ಜಾಗದಲ್ಲಿ ಅವನ ಅಂಗಡಿ. ಒಂದು ಸ್ಟೂಲು, ಒಂದು ಮೇಜು, ಕತ್ತು ಬಗ್ಗಿಸಿಕೊಂಡ ದೀಪ, ಒಂದು ಭೂತಗನ್ನಡಿ, ಶಾಯಿ ಕುಡಿದು ಕುಡಿದು ನೇರಳೆಯಾದ ಬಟ್ಟೆ ಚೂರು. ತಲೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಜನ ಹತ್ತಿ ಇಳಿಯುವ ಸದ್ದು. ಯಾರ ಹೆಜ್ಜೆಯ ಸದ್ದು ಯಾವುದು ಅಂತ ಅವನಿಗೆ ತಿಳಿಯುತ್ತಿತ್ತು.

ರುಪಾಯಿ ಬಿಲ್ಲೆಯಷ್ಟು ದುಂಡಗಿನ ಜಾಗದಲ್ಲಿ ಎರಡು ಸಾಲು ಅಕ್ಷರ ಕೂರಿಸುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಸೀಲಿನ ಅಕ್ಷರವನ್ನು ಉಲ್ಟಾ ಕೆತ್ತಬೇಕು, ಕಾಗದದ ಮೇಲೆ ಒತ್ತಿದಾಗ ಸರಿಯಾಗಿ ಮೂಡಬೇಕು. ವರ್ಷಗಟ್ಟಲೆ ಹೀಗೆ ಕೆತ್ತಿ ಅವನ ಕೈಗೆ ಉಲ್ಟಾ ಅನ್ನುವುದೇ ಸೀದಾ ಆಗಿಹೋಗಿತ್ತು. ಬಸ್ಸಿನ ಬೋರ್ಡು ಓದುವಾಗಲೂ ಅವನ ಹೆಬ್ಬೆರಳು ತೋರುಬೆರಳಿನ ಮೇಲೆ ತಿರುಗುಮುರುಗಾಗಿ ಆಡುತ್ತಿತ್ತು.

ಆಮೇಲೆ ರಸ್ತೆಯ ಆಚೆ ಬದಿಗೆ ಗಾಜಿನ ಬಾಗಿಲಿನ ಅಂಗಡಿ ಬಂತು. ಹತ್ತು ನಿಮಿಷದಲ್ಲಿ ಸೀಲು. ಕಂಪ್ಯೂಟರಿನಲ್ಲಿ ಬರೆದರೆ ಯಂತ್ರವೇ ಕೆತ್ತಿ ಕೊಡುತ್ತಿತ್ತು, ಶಾಯಿಯೂ ಅದರೊಳಗೇ. ಸೀಲಣ್ಣ ಒಂದು ದಿನ ಹೋಗಿ ಆ ಯಂತ್ರವನ್ನು ನೋಡಿಕೊಂಡು ಬಂದ. ಅಚ್ಚುಕಟ್ಟಾದ ಕೆಲಸ ಅಂತ ಒಪ್ಪಿಕೊಂಡ. ಅವನ ಅಂಗಡಿಯ ಕೊನೆಯ ಗಿರಾಕಿ ಒಬ್ಬ ಹಲ್ಲಿನ ಡಾಕ್ಟರು. 'ಸ್ಥಳಾಂತರಗೊಂಡಿದೆ' ಅನ್ನುವ ಸೀಲು ಬೇಕು ಅಂದರು. ಅದನ್ನು ಕೆತ್ತಿ ಕೊಟ್ಟು, ಮರುವಾರ ಸೀಲಣ್ಣನೂ ಸ್ಥಳಾಂತರಗೊಂಡ. ಆಗ ಅವನಿಗೆ ಐವತ್ತೆರಡು.

ಹೆಂಡತಿಗೆ ಬಸ್ ನಿಲ್ದಾಣದ ಪಕ್ಕದಲ್ಲಿ ಹಣ್ಣಿನ ಅಂಗಡಿ. ಅವಳನ್ನು ಎಲ್ಲರೂ ಹಣ್ಣಕ್ಕ ಅನ್ನುತ್ತಿದ್ದರು. ಗಂಡ ಮನೆಯಲ್ಲಿ ಕೂತು ಬಾಗಿಲ ಚಿಲಕ, ಗಡಿಯಾರ, ಕೊಡೆಯ ಕಡ್ಡಿ ಎಲ್ಲ ಬಿಚ್ಚಿ ಬಿಚ್ಚಿ ಜೋಡಿಸುವುದನ್ನು ಅವಳು ಎರಡು ತಿಂಗಳು ನೋಡಿದಳು. ರೇಡಿಯೋ ಬಿಚ್ಚಿದ ದಿನ ಅವಳ ತಾಳ್ಮೆ ಮುಗಿಯಿತು.

"ಏಳ್ರೀ, ಅಂಗಡಿಗೆ ಬನ್ನಿ. ಇನ್ನು ಸ್ವಲ್ಪ ದಿನ ಬಿಟ್ರೆ ನನ್ನೂ ಬಿಚ್ಚಿ ನೋಡ್ತೀರ."

ಅಂಗಡಿಯಲ್ಲಿ ಅವನು ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಯಾರಾದರೂ "ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ" ಅಂದರೆ ಸಾಕು, ಕಮ್ಮಿ ಮಾಡಿಬಿಡುತ್ತಿದ್ದ. ಎರಡನೇ ದಿನವೇ ಹಣ್ಣಕ್ಕ ಅವನನ್ನು ತಕ್ಕಡಿಯಿಂದ ಎಬ್ಬಿಸಿ ಹಿಂದೆ ಕೂರಿಸಿ, ಹಣ್ಣು ಹೆಚ್ಚಿ ಲೋಟಕ್ಕೆ ತುಂಬುವ ಕೆಲಸ ಕೊಟ್ಟಳು.

ಒಂದು ಮಧ್ಯಾಹ್ನ, ಬಿಸಿಲಿಗೆ ರಸ್ತೆಯೆಲ್ಲ ಖಾಲಿ. ಮುಂದೆ ಒಂದು ಕಲ್ಲಂಗಡಿ, ಒಂದು ಕಡೆ ಸೊಟ್ಟಗಾಗಿದ್ದರಿಂದ ಯಾರೂ ಕೊಳ್ಳದೆ ಉಳಿದದ್ದು. ಸೀಲಣ್ಣ ಹಳೆಯ ಡಬ್ಬಿಯಿಂದ ತನ್ನ ಕೆತ್ತುವ ಚಾಕು ತೆಗೆದು, ಸೋಪು ಹಾಕಿ ತಿಕ್ಕಿ ತೊಳೆದು, ಹಸಿರು ಸಿಪ್ಪೆಯನ್ನು ತೆಳ್ಳಗೆ ತೆಗೆಯತೊಡಗಿದ. ಕೆಳಗೆ ಬಿಳಿ, ಇನ್ನೂ ಕೆಳಗೆ ಕೆಂಪು. ಅವನ ಕೈ ಅಲ್ಲೇ ನಿಂತಿತು. ಇಷ್ಟು ವರ್ಷ ರಬ್ಬರಿನಲ್ಲಿ ಮೇಲೂ ಕೆಳಗೂ ಒಂದೇ ಬಣ್ಣ ನೋಡಿದವನು. ಇಲ್ಲಿ ಚಾಕು ಎಷ್ಟು ಆಳಕ್ಕೆ ಇಳಿಯುತ್ತದೋ ಅದರ ಮೇಲೆ ಬಣ್ಣ ಬದಲಾಗುತ್ತಿತ್ತು. ಒಮ್ಮೆ ನೆಟ್ಟಗೆ, ಒಮ್ಮೆ ಓರೆಯಾಗಿ ಕೊಯ್ದು ನಡುವಿನ ಚೂರು ತೆಗೆದರೆ ಒಂದು ಎಸಳು ಎದ್ದು ನಿಲ್ಲುತ್ತಿತ್ತು, ಅಂಚು ಬಿಳಿ, ಒಡಲು ಕೆಂಪು. ಒಂದು ಎಸಳು ಆಯಿತು, ಅದರ ಪಕ್ಕ ಇನ್ನೊಂದು. ಹಣ್ಣಕ್ಕ ಸಣ್ಣ ನಿದ್ದೆ ಮುಗಿಸಿ ಕಣ್ಣು ಬಿಟ್ಟಾಗ ಗಂಡನ ತೊಡೆಯ ಮೇಲೆ ತಟ್ಟೆಯಗಲದ ಹೂವು ಅರಳಿತ್ತು, ಅಂಗಿಯೆಲ್ಲ ಕೆಂಪು ರಸ.

"ಅಯ್ಯೋ, ಏನ್ರೀ ಇದು!" ಅಂದಳು. ಆಮೇಲೆ ಬಗ್ಗಿ ನೋಡಿ, ದನಿ ತಗ್ಗಿಸಿ ಇನ್ನೊಮ್ಮೆ, "ಏನ್ರೀ ಇದು?"

ಆ ಹೂವನ್ನು ಅವಳು ಅಂಗಡಿಯ ಮುಂದೆಯೇ ಇಟ್ಟಳು. ಬಸ್ಸಿಗೆ ಓಡುತ್ತಿದ್ದವರೂ ನಿಂತರು. ಮೂರನೇ ಬೀದಿಯ ಮದುವೆ ಹಾಲಿನ ಮ್ಯಾನೇಜರ್ ಹಣ್ಣು ಕೊಳ್ಳಲು ಬಂದವನು, ಹಣ್ಣಿನ ಮಾತೇ ಮರೆತು, "ಇದನ್ನ ಮಾಡಿದ್ದು ಯಾರು?" ಅಂದ. ಹಣ್ಣಕ್ಕ ಗಂಡನನ್ನು ತೋರಿಸಿದಳು. ಸೀಲಣ್ಣ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಎದ್ದು ನಿಂತ.

"ಮುಂದಿನ ವಾರ ಒಂದು ಮದುವೆ ಇದೆ. ಊಟದ ಮೇಜಿನ ನಡುವೆ ಇಡೋಕೆ ಹೀಗೇ ಒಂದು ಬೇಕು. ಗಂಡು ಹೆಣ್ಣಿನ ಹೆಸರು ಕೆತ್ತಬೇಕು. ಅಕ್ಷರ ಬರುತ್ತಾ?"

ಸೀಲಣ್ಣನ ಮುಖದ ಮೇಲೆ ಬಹಳ ದಿನದ ಮೇಲೆ ನಗು ಕಂಡಿತು. "ಅಕ್ಷರ ಮಾತ್ರ ಬರುತ್ತೆ, ಸಾರ್."

ಮದುವೆಯ ದಿನ ಬೆಳಗ್ಗೆ ಐದಕ್ಕೇ ಹೋಗಿ ಕೂತ. ಕಲ್ಲಂಗಡಿ ಆರಿಸಿ ಕೊಟ್ಟವಳು ಹಣ್ಣಕ್ಕ. ಹಣ್ಣನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿ, "ಇದು ಬೇಡ, ಒಳಗೆ ಪುಡಿಪುಡಿ. ಇದು ಗಟ್ಟಿಯಾಗಿದೆ, ಎಸಳು ನಿಲ್ಲುತ್ತೆ" ಅಂತ ತೆಗೆದಿಟ್ಟಿದ್ದಳು. ಸೀಲಣ್ಣ ಸುತ್ತಲೂ ಎಲೆಯ ಬಳ್ಳಿ ಕೆತ್ತಿದ, ನಡುವೆ ಎರಡು ಹೆಸರು ಕೂರಿಸಿದ, ಒಂದೊಂದು ಅಕ್ಷರವೂ ಮುತ್ತಿನ ಹಾಗೆ. ಒದ್ದೆ ಬಟ್ಟೆ ಮುಚ್ಚಿ, ಹೊತ್ತು ತಂದು ಮೇಜಿನ ಮೇಲಿಟ್ಟು ಬಟ್ಟೆ ಸರಿಸಿದ.

ಮ್ಯಾನೇಜರ್ ಮುಂದೆ ಬಂದು ನೋಡಿದ. ಹಿಂದೆ ಸರಿದು ನೋಡಿದ. ತಲೆ ಓರೆ ಮಾಡಿ ನೋಡಿದ.

"ಸೀಲಣ್ಣ, ಇದು ಯಾವ ಭಾಷೆ?"

ಸೀಲಣ್ಣ ಮೇಜು ಸುತ್ತಿ ಬಂದು ನೋಡಿದ. ಎರಡೂ ಹೆಸರು ತಲೆಯಿಂದ ಬಾಲದವರೆಗೆ ಉಲ್ಟಾ ನಿಂತಿದ್ದವು. ಹಣ್ಣಿಗೆ ಶಾಯಿ ಬಳಿದು ಕಾಗದದ ಮೇಲೆ ಒತ್ತಿದರೆ ಮಾತ್ರ ಓದಬಹುದಿತ್ತು. ಹೊರಗೆ ಆಗಲೇ ಕಾರುಗಳ ಬಾಗಿಲು ಹಾಕುವ ಸದ್ದು ಕೇಳುತ್ತಿತ್ತು. ಮ್ಯಾನೇಜರನ ಮುಖ ಕಲ್ಲಂಗಡಿಯ ಒಳಗಿನ ಬಣ್ಣಕ್ಕೆ ತಿರುಗಿತು.

ಹಣ್ಣಿನ ಬುಟ್ಟಿ ಇಳಿಸಲು ಬಂದಿದ್ದ ಹಣ್ಣಕ್ಕ ಸೆರಗಿನ ತುದಿಗೆ ಕೈ ಒರೆಸಿಕೊಂಡು ಆ ಕಡೆ ಈ ಕಡೆ ನೋಡಿದಳು. ಹಾಲಿನ ಒಂದು ಗೋಡೆಗೆ ಆಳೆತ್ತರದ ಕನ್ನಡಿ ಇತ್ತು.

"ಮೇಜು ಆ ಕಡೆ ತಿರುಗಿಸಿ. ಕನ್ನಡೀಲಿ ನೋಡೋಕೆ ಅಂತಾನೇ ಹೀಗೆ ಕೆತ್ತಿರೋದು," ಅಂದಳು, ಕಣ್ಣು ಕೂಡ ಮಿಟುಕಿಸದೆ.

ಬೇರೆ ದಾರಿ ಇರಲಿಲ್ಲ, ತಿರುಗಿಸಿದರು. ಕನ್ನಡಿಯಲ್ಲಿ ಎರಡು ಹೆಸರೂ ಚೆಂದವಾಗಿ ಮೂಡಿ ನಿಂತವು. ಬಂದವರೆಲ್ಲ ಮೊದಲು ಹಣ್ಣು ನೋಡಿ ಹುಬ್ಬು ಗಂಟಿಕ್ಕಿ, ಆಮೇಲೆ ಕನ್ನಡಿ ನೋಡಿ "ಓಹೋ!" ಅಂದರು. ಮಕ್ಕಳು ಅಲ್ಲಿಂದ ಕದಲಲಿಲ್ಲ. ಆ ತಿಂಗಳು ಇಬ್ಬರು ಬಂದು "ಕನ್ನಡಿ ಕಲ್ಲಂಗಡಿ ಮಾಡೋರು ಇಲ್ಲೇ ಅಲ್ವಾ?" ಅಂತ ಕೇಳಿದ ಮೇಲೆ ಮ್ಯಾನೇಜರ್ ಸೀಲಣ್ಣನಿಗೆ ಕೆಲಸ ಗಟ್ಟಿ ಮಾಡಿದ.

ಆ ಮದುವೆಯ ದಿನ ಮನೆಗೆ ಮರಳುವ ದಾರಿಯುದ್ದಕ್ಕೂ ಹಣ್ಣಕ್ಕ ನಕ್ಕಿದ್ದಳು. "ಪುಣ್ಯಕ್ಕೆ ನೀವು ನನಗೆ ಕಾಗದ ಗೀಗದ ಬರೀಲಿಲ್ಲ. ಬರೆದಿದ್ರೆ ಕನ್ನಡಿ ಹಿಡ್ಕೊಂಡೇ ಓದ್ಬೇಕಿತ್ತು."

"ಬರೀಬೇಕು ಅಂತಿದ್ದೆ," ಅಂದ ಸೀಲಣ್ಣ. "ಅಷ್ಟರಲ್ಲಿ ನೀನೇ ಒಪ್ಪಿಕೊಂಡೆ."

ಅಕ್ಷರ ಸರಿದಾರಿಗೆ ಬರಲು ಒಂದು ತಿಂಗಳು ಹಿಡಿಯಿತು. ಐವತ್ತೆರಡರ ಗಂಡಸು, ಮದುವೆಯಾಗಿ ಹೋದ ಮಗಳ ಹಳೆಯ ನೋಟುಬುಕ್ಕು ಹಿಡಿದು ಒಂದನೇ ತರಗತಿಯವರ ಹಾಗೆ ತಿದ್ದಿದ. ಕೆಲಸ ಬೇಗ ಹತ್ತಿತು. ಪಪ್ಪಾಯಿ ಅರೆಹಣ್ಣಾಗಿದ್ದರೇ ಒಳ್ಳೆಯದು, ತೀರಾ ತಣ್ಣಗಿರುವ ಕಲ್ಲಂಗಡಿಗೆ ಚಾಕು ಹಾಕಿದರೆ ಸೀಳಿಹೋಗುತ್ತದೆ, ಸೌತೆಕಾಯಿಯಲ್ಲಿ ಕೆತ್ತಿದ ಎಲೆ ಐಸು ನೀರಿನಲ್ಲಿ ಬಿಟ್ಟರೆ ತಾನಾಗಿ ಬಾಗುತ್ತದೆ, ಇದೆಲ್ಲ ಕೈಯೇ ಕಲಿತುಕೊಂಡಿತು. ಹಾಲಿನ ಅಡುಗೆಮನೆಯ ಪಕ್ಕ ಒಂದು ತಣ್ಣನೆಯ ಕೋಣೆ ಅವನದಾಯಿತು. ಕಲ್ಲಿನ ಕಟ್ಟೆ, ಒಂದು ನಲ್ಲಿ, ಗೋಡೆಗೆ ಒರಗಿಸಿದ ಹಲಗೆ. ಕಾಲಿಗೆ ಎರಡು ಜೊತೆ ಕಾಲುಚೀಲ ಹಾಕಿಕೊಂಡು ಕೂರುತ್ತಿದ್ದ.

ಒಂದೇ ಒಂದು ವಿಷಯ ಅವನಿಗೆ ನುಂಗಲಾರದ ತುತ್ತಾಗಿತ್ತು. ಜನ ಅದನ್ನು ತಿನ್ನುತ್ತಿದ್ದರು.

ಅವನು ಮಾಡಿದ ಸೀಲು ಇಪ್ಪತ್ತು ವರ್ಷ ಬಾಳಿದ್ದುಂಟು. ಯಾವುದೋ ಕಪಾಟಿನ ಯಾವುದೋ ಕಡತದಲ್ಲಿ ಅವನ ಅಕ್ಷರ ಇವತ್ತಿಗೂ ಇದ್ದೇ ಇದೆ. ಇಲ್ಲಿ ನೋಡಿದರೆ, ಆರು ಗಂಟೆ ಕೂತು ಅರಳಿಸಿದ ಹೂವಿಗೆ ಯಾರೋ ಒಬ್ಬರು ಮಾತಾಡುತ್ತಲೇ ಫೋರ್ಕು ಚುಚ್ಚಿ ಎಸಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನೋಡಿಯೂ ನೋಡುತ್ತಿರಲಿಲ್ಲ. ಸೀಲಣ್ಣ ಮೇಜಿನ ಪಕ್ಕ ಕಾವಲುಗಾರನ ಹಾಗೆ ನಿಲ್ಲತೊಡಗಿದ. "ಸ್ವಲ್ಪ ತಡೀರಿ, ಇನ್ನೂ ಎಲ್ರೂ ನೋಡಿಲ್ಲ" ಅನ್ನುತ್ತಿದ್ದ. "ಆ ಕಡೆ ತಟ್ಟೇಲಿ ಹೆಚ್ಚಿದ್ದು ಇದೆ ನೋಡಿ, ಅದೇ ಸಿಹಿ." ಒಮ್ಮೆ ಮದುಮಗನ ಸೋದರಮಾವನ ಕೈಯನ್ನೇ ಹಿಡಿದುಬಿಟ್ಟ. ದೊಡ್ಡ ರಂಪವಾಯಿತು. ಮ್ಯಾನೇಜರ್ ಇಬ್ಬರಿಗೂ ಸಮಾಧಾನ ಹೇಳಿ, ಸೀಲಣ್ಣನನ್ನು ಒಳಗೆ ಕರೆದು, "ನೀವು ಹೊರಗೆ ಬರ್ಲೇಬೇಡಿ ಮಾರಾಯ್ರೇ" ಅಂತ ಕೈ ಮುಗಿದ.

ಇನ್ನೊಮ್ಮೆ ಯಾರೂ ಮುಟ್ಟದೆ ಉಳಿದ ಒಂದು ಹೂವನ್ನು ಮನೆಗೆ ಹೊತ್ತು ತಂದು ಬಕೆಟ್ಟಿನ ತಣ್ಣೀರಿನಲ್ಲಿ ಇಟ್ಟುಕೊಂಡ. ಮೂರನೇ ದಿನ ವಾಸನೆ ಶುರುವಾಯಿತು. ನಾಲ್ಕನೇ ದಿನ ಹಣ್ಣಕ್ಕ ಅದನ್ನು ಬಕೆಟ್ಟಿನ ಸಮೇತ ಹಿತ್ತಲಿಗೆ ಹೊರಿಸಿದಳು. ಸೀಲಣ್ಣ ಒಂದು ಹಗಲು ಪೂರ್ತಿ ಅವಳ ಹತ್ತಿರ ಮಾತು ಬಿಟ್ಟ.

"ಹಣ್ಣು ಇರೋದು ತಿನ್ನೋಕೆ ಕಣ್ರೀ," ಅಂದಳು ಅವಳು.

"ಗೊತ್ತು," ಅಂದ. ಗೊತ್ತಿದ್ದರೂ ಸಮಾಧಾನ ಆಗಲಿಲ್ಲ.

ಹಾಲಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಆ ಸಲದ ಮದುವೆ ದೊಡ್ಡದು. ಸೀಲಣ್ಣ ಅಲ್ಲಿಯವರೆಗೆ ಅಷ್ಟು ದೊಡ್ಡ ಕಲ್ಲಂಗಡಿಗೆ ಕೈ ಹಾಕಿರಲಿಲ್ಲ. ಹಣ್ಣಕ್ಕ ಹಣ್ಣಿನ ಮಂಡಿಯಲ್ಲಿ ಅರ್ಧ ದಿನ ಅಲೆದು ಆರಿಸಿ ತಂದಿದ್ದಳು. ಎರಡು ಹೆಸರು, ಸುತ್ತ ಎರಡು ಸಾಲು ಹೂವು, ಅಂಚಿಗೆ ಎಲೆ. ಬೆಳಗ್ಗೆ ಆರಕ್ಕೆ ಕೂತವನು ಹತ್ತೂಕಾಲಿಗೆ ಬೆನ್ನು ನೆಟ್ಟಗೆ ಮಾಡಿದ. ಮೇಜಿನ ಮೇಲೆ ಇಟ್ಟು ಒಳಗೆ ಬಂದು ಚಾ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಮ್ಯಾನೇಜರ್ ಓಡಿ ಬಂದ.

"ಸೀಲಣ್ಣ, ಮದುವೆ ನಿಂತು ಹೋಯ್ತು. ಗಂಡು ಬರಲ್ವಂತೆ, ಫೋನ್ ಮಾಡಿ ಹೇಳಿದಾನೆ. ಬಂದವರನ್ನೆಲ್ಲ ಕಳಿಸ್ತಾ ಇದಾರೆ. ನೀವು ಮೊದಲು ಆ ಹಣ್ಣನ್ನ ಒಳಗೆ ತಗೊಂಡು ಬನ್ನಿ. ಹೆಸರು ಕಾಣೋದು ಬೇಡ, ಕೆರೆದು ತೆಗೆದುಬಿಡಿ."

ಸೀಲಣ್ಣ ಹಣ್ಣನ್ನು ಎದೆಗೆ ಆನಿಸಿಕೊಂಡು ತಂದು ಕಟ್ಟೆಯ ಮೇಲಿಟ್ಟ. ಚಾಕು ಹಿಡಿದ, ಕೆಳಗಿಟ್ಟ. ಮತ್ತೆ ಹಿಡಿದ. ಹಿಂದಿನ ಬಾಗಿಲು ಕಿರ್ರೆಂದಿತು. ತಿರುಗಿ ನೋಡಿದರೆ ಮದುಮಗಳು. ಮೈತುಂಬ ಸಿಂಗಾರ, ಎರಡು ಚಪ್ಪಲಿಯೂ ಕೈಯಲ್ಲಿ.

"ಕುಡಿಯೋಕೆ ನೀರು ಸಿಗುತ್ತಾ, ಅಂಕಲ್? ಆ ಕಡೆ ಹೋದ್ರೆ ಎಲ್ರೂ ನನ್ನ ನೋಡಿ ಅಳ್ತಾರೆ."

ಅವನು ನೀರು ಕೊಟ್ಟ. ಅವಳು ಕುಡಿದು ಲೋಟ ಇಡುವಾಗ ಹಣ್ಣು ಕಂಡಿತು. ಮುಚ್ಚಲು ಬಟ್ಟೆ ಹುಡುಕಿದ, ಕೈಗೆ ಸಿಗಲಿಲ್ಲ.

"ಇದು ನೀವು ಮಾಡಿದ್ದಾ?"

"ಹೂಂ, ತಾಯಿ."

"ಕೆರೆದು ತೆಗೀರಿ ಅಂದ್ರಾ?"

ಸುಳ್ಳು ಹೇಳಲು ಅವನಿಗೆ ನಾಲಗೆ ಏಳಲಿಲ್ಲ. ಹೌದು ಅಂತ ತಲೆ ಆಡಿಸಿದ.

"ಎಷ್ಟು ಹೊತ್ತಿಗೆ ಕೂತಿದ್ರಿ?"

"ಆರಕ್ಕೆ."

"ನಾನೂ ಆರಕ್ಕೇ ಕೂತಿದ್ದು, ತಲೆ ಬಾಚಿಸಿಕೊಳ್ಳೋಕೆ." ಅವಳು ಸ್ಟೂಲಿನ ಮೇಲೆ ಕೂತಳು. "ಬೆಳಗ್ಗೆಯಿಂದ ಏನೂ ತಿಂದಿಲ್ಲ. ಹೊಟ್ಟೆ ಹಸೀತಾ ಇದೆ. ಇವತ್ತು ಹಸಿವಾಗಬಾರದು, ಅಲ್ವಾ?"

"ಹಸಿವಿಗೆ ಇವತ್ತು ಏನು ಅಂತ ಹೇಗೆ ಗೊತ್ತಾಗಬೇಕು, ತಾಯಿ?"

ಅವಳು ಹಣ್ಣನ್ನೇ ನೋಡುತ್ತಿದ್ದಳು. ಸೀಲಣ್ಣನಿಗೆ ಅದು ತಿಳಿಯಿತು. ಒಂದು ಕಾಲಕ್ಕೆ ಮೇಜಿನ ಪಕ್ಕ ಕಾವಲು ನಿಂತವನು, ಚಾಕುವನ್ನು ತಿರುಗಿಸಿ ಹಿಡಿಯನ್ನು ಅವಳ ಕಡೆ ಚಾಚಿದ.

"ನಿಜವಾಗ್ಲೂ? ಎಲ್ಲಿಂದ ಕೊಯ್ಯಲಿ?"

"ಎಲ್ಲಿಂದ ಬೇಕಾದ್ರೂ ಕೊಯ್ಯಿ."

ಅವಳು ಆ ಹುಡುಗನ ಹೆಸರಿನ ಕೊನೆಯ ಅಕ್ಷರದಿಂದ ಶುರು ಮಾಡಿದಳು. ಮೊದಲು ಹೆದರಿ ಹೆದರಿ ಸಣ್ಣ ತುಂಡು, ಆಮೇಲೆ ದೊಡ್ಡದು. ರಸ ಮುಂಗೈಯಿಂದ ಇಳಿದು ಜರಿಯ ತೋಳಿಗೆ ಸೇರಿತು. ಬೀಜವನ್ನು ಗುರಿಯಿಟ್ಟು ನಲ್ಲಿಯ ತೊಟ್ಟಿಗೆ ಉಗುಳಿದಳು. ಹೆಸರಿನ ಅರ್ಧಕ್ಕೆ ಬಂದಾಗ ಅವಳಿಗೆ ಅಳು ಬಂತು, ಬಾಯಲ್ಲಿ ಹಣ್ಣು ಇದ್ದುದರಿಂದ ಅಳಲೂ ಆಗದೆ ಕೆಮ್ಮಿದಳು. ಸೀಲಣ್ಣ ಇನ್ನೊಂದು ತುಂಡು ಕೊಯ್ದು ತಟ್ಟೆಯಲ್ಲಿಟ್ಟು ಹಿಡಿದುಕೊಂಡು ನಿಂತ. ಅವಳು ಅತ್ತು ಮುಗಿಸಿ ಅದನ್ನೂ ತಿಂದಳು.

ಹುಡುಕಿಕೊಂಡು ಅವಳ ಚಿಕ್ಕಮ್ಮ ಬಂದರು. ಬಾಗಿಲಲ್ಲೇ ಶುರು. "ಇಲ್ಲಿದ್ದೀಯೇನೇ! ಎಲ್ಲೆಲ್ಲಿ ಹುಡುಕೋದು? ನಿಮ್ಮಮ್ಮ ಅಲ್ಲಿ..." ಅಷ್ಟರಲ್ಲಿ ಉಳಿದಿದ್ದ ಆ ಹುಡುಗನ ಹೆಸರಿನ ಮೊದಲ ಅಕ್ಷರ ಕಣ್ಣಿಗೆ ಬಿತ್ತು. ಚಿಕ್ಕಮ್ಮ ಮಾತು ನಿಲ್ಲಿಸಿ, ಕೈಯಲ್ಲೇ ಅದನ್ನು ಕಿತ್ತು ಬಾಯಿಗೆ ಹಾಕಿಕೊಂಡು ಕಟಕಟ ಅಗಿದರು. "ಕೊಡಿ ಇನ್ನೊಂದು," ಅಂದರು. ಮೂವರಿಗೂ ನಗು ತಡೆಯಲಾಗಲಿಲ್ಲ.

ಕೊನೆಗೆ ಅವಳ ಹೆಸರು ಮಾತ್ರ ಉಳಿಯಿತು.

"ಇದನ್ನೇನು ಮಾಡೋದು, ಅಂಕಲ್?"

"ಇದು ಹಾಗೇ ಇರ್ಲಿ. ಈ ಹೆಸರು ಏನು ತಪ್ಪು ಮಾಡಿದೆ?" ಅವನು ಆ ಹೆಸರಿದ್ದ ಭಾಗವನ್ನು ಇಡಿಯಾಗಿ ಕೊಯ್ದು, ಎರಡು ಹೂವು ಜೊತೆಗೇ ಬರುವ ಹಾಗೆ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟ. "ಮನೆಗೆ ಹೋಗಿ ತಿನ್ನು. ಇವತ್ತೇ ತಿನ್ನು, ನಾಳೆಗೆ ಹುಳಿ ಬಂದುಬಿಡುತ್ತೆ."

ಮನೆಗೆ ಬಂದು ಸೀಲಣ್ಣ ಎಲ್ಲವನ್ನೂ ಹೇಳಿದ. ಹಣ್ಣಕ್ಕ ಬಟ್ಟೆ ಮಡಚುತ್ತ ಕೇಳಿದಳು. ಕೊನೆಯ ಸೀರೆ ಮಡಚಿಟ್ಟು ತಲೆ ಎತ್ತಿದಳು.

"ಹಣ್ಣು ಸಿಹಿ ಇತ್ತಾ?"

"ಇತ್ತು. ಚಿಕ್ಕಮ್ಮ ಎರಡು ಸಲ ಹೇಳಿದ್ರು."

"ಹ್ಞೂಂ," ಅಂದಳು ಹಣ್ಣಕ್ಕ. ಮುಖದಲ್ಲಿ ಸಣ್ಣ ಜಂಬ. "ಆರಿಸಿದ್ದು ಯಾರು?"

ಅಲ್ಲಿಂದ ಮುಂದೆ ಸೀಲಣ್ಣ ತಿನ್ನುವವರನ್ನು ತಡೆಯಲಿಲ್ಲ, ಅವನು ಹೊರಗೆ ಬರಲು ಮ್ಯಾನೇಜರೂ ಅಡ್ಡಿ ಮಾಡಲಿಲ್ಲ. ಎಲ್ಲರೂ ನೋಡಿ ಆದ ಮೇಲೆ ಮೊದಲ ಎಸಳನ್ನು ಅವನೇ ಕೊಯ್ಯುತ್ತಿದ್ದ. ಯಾರಿಗೆ ಕೊಡಬೇಕು ಅಂತ ಕಣ್ಣಲ್ಲೇ ಹುಡುಕುತ್ತಿದ್ದ. ದೊಡ್ಡವರ ಕಡೆ ಹೋಗುತ್ತಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಒಬ್ಬರೇ ಕೂತ ಅಜ್ಜಿಗೋ, ಹೊಸ ಚಪ್ಪಲಿ ಕಚ್ಚಿ ಅಳುವ ಮಗುವಿಗೋ, ಫೋಟೋ ತೆಗೆದು ತೆಗೆದು ಬೆವೆತ ಫೋಟೋದವನಿಗೋ ಕೊಡುತ್ತಿದ್ದ. ತಿನ್ನುವಾಗ ಅವರ ಮುಖ ನೋಡುತ್ತಿದ್ದ. ತಾನೂ ಒಂದು ಚೂರು ತಿನ್ನುತ್ತಿದ್ದ.

ಅರವತ್ತಾರಕ್ಕೆ ತಣ್ಣನೆಯ ಕೋಣೆ ಅವನ ಬೆರಳಿಗೆ ಆಗಿಬರಲಿಲ್ಲ. ಬೆಳಗ್ಗೆ ಎದ್ದರೆ ಮುಷ್ಟಿ ಬಿಚ್ಚಲು ಅರ್ಧ ಗಂಟೆ. ಡಾಕ್ಟರು ಐಸು ನೀರು ಮುಟ್ಟಲೇಬಾರದು ಅಂದರು. ಅಡುಗೆಮನೆಯಲ್ಲಿ ತರಕಾರಿ ತೊಳೆಯುತ್ತಿದ್ದ ಹೆಂಗಸು ಅವನ ಪಕ್ಕ ಕೂತು ಕೂತು ಕೆಲಸ ಕಲಿತಿದ್ದಳು. ಹಣ್ಣಿನ ಹಕ್ಕಿಯನ್ನಂತೂ ಅವನಿಗಿಂತ ಚೆನ್ನಾಗಿ ಮಾಡುತ್ತಿದ್ದಳು, ರೆಕ್ಕೆ ಬಡಿದು ಹಾರಿಯೇ ಬಿಡುತ್ತದೇನೋ ಅನ್ನುವ ಹಾಗೆ. ಕೋಣೆಯನ್ನೂ ಹಲಗೆಯನ್ನೂ ಅವಳಿಗೆ ಒಪ್ಪಿಸಿ ಸೀಲಣ್ಣ ಮನೆಗೆ ಬಂದ.

ಹಣ್ಣಕ್ಕ ಈ ಸಲ ಎರಡು ತಿಂಗಳು ಕಾಯಲಿಲ್ಲ. ಮರುದಿನವೇ ಅಂಗಡಿಗೆ ಕರೆದೊಯ್ದಳು. ಬಿಸಿಲಿಗೆ ಬೆರಳು ಸ್ವಲ್ಪ ಸಡಿಲವಾದವು. ಲೋಟಕ್ಕೆ ಹಣ್ಣು ಹೆಚ್ಚು ಅಂದರೆ ಅವನಿಗೆ ಸುಮ್ಮನೆ ಹೆಚ್ಚಲು ಬರುತ್ತಿರಲಿಲ್ಲ. ಪಪ್ಪಾಯಿ ತುಂಡಿನ ಅಂಚಿಗೆ ಒಂದು ಗೆರೆ, ಕರಬೂಜದ ಹೋಳಿಗೆ ಒಂದು ಸುರುಳಿ, ಸೇಬಿನ ಬೆನ್ನಿಗೆ ಎರಡು ಎಲೆ. ಕಚೇರಿಗೆ ಹೊತ್ತಾದವರು ಗಡಿಯಾರ ನೋಡಿ ನೋಡಿ ಸಿಡಿಮಿಡಿಗೊಂಡರು. "ಅಜ್ಜ, ಬಸ್ ಹೋಗ್ತಿದೆ, ಬೇಗ ಕೊಡಿ!" "ಆಯ್ತು ಆಯ್ತು, ಇದೊಂದು ಎಸಳು" ಅನ್ನುತ್ತಿದ್ದ. ಬಸ್ಸು ಹೋಗಿಯೇಬಿಡುತ್ತಿತ್ತು.

ಒಂದು ವಾರ ನೋಡಿ ಹಣ್ಣಕ್ಕ ಒಂದು ದಾರಿ ಮಾಡಿದಳು. ಅಂಗಡಿಯ ಇನ್ನೊಂದು ತುದಿಗೆ ಗಂಡನಿಗೆ ಬೇರೆ ಹಲಗೆ ಹಾಕಿಕೊಟ್ಟಳು. ಬಂದವರಿಗೆಲ್ಲ ಜೋರಾಗಿ ಹೇಳಿದಳು, "ಅರ್ಜೆಂಟ್ ಇರೋರು ಈ ಕಡೆ ಬನ್ನಿ. ಪುರುಸೊತ್ತು ಇರೋರು ಆ ಕಡೆ ಹೋಗಿ."

ಬೆಳಗ್ಗೆ ಅವಳ ಸಾಲು ರಸ್ತೆಯವರೆಗೆ ಇರುತ್ತದೆ, ಅವನ ಕಡೆ ಒಂದಿಬ್ಬರು. ಹನ್ನೊಂದರ ಮೇಲೆ ಲೆಕ್ಕ ತಿರುಗುತ್ತದೆ. ನಿವೃತ್ತ ಮೇಷ್ಟ್ರು ಬರುತ್ತಾರೆ, ಕೆಲಸ ಹುಡುಕುತ್ತಿರುವ ಹುಡುಗಿಯೊಬ್ಬಳು ಬರುತ್ತಾಳೆ, ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ಟೈಲರ್ ಬರುತ್ತಾನೆ. ಯಾರಿಗೂ ಎಲ್ಲಿಗೂ ಹೋಗುವ ಆತುರವಿಲ್ಲ. ಸೀಲಣ್ಣ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಒಂದು ಹೋಳು ಎತ್ತಿಕೊಳ್ಳುತ್ತಾನೆ. ಹಣ್ಣಕ್ಕ ಕೆಲಸ ಕಡಿಮೆಯಾದಾಗ ತಕ್ಕಡಿ ಬಿಟ್ಟು ಎದ್ದು ಬಂದು, ಆ ಸಾಲಿನ ಕೊನೆಗೆ ನಿಲ್ಲುತ್ತಾಳೆ.